ಫ್ರೆಟ್ ಕಿತ್ತ ಬೇಸ್ ಗಿಟಾರು

ಅಂಜನಾ ಪರಮಾನಂದನ ಆರ್ಕೆಸ್ಟ್ರಾಕ್ಕೆ ಹೋಗಿದ್ದು ಹಾಡುವುದಕ್ಕೆ. ಎರಡು ಸಾವಿರದ ಒಂದನೇ ಇಸವಿಯ ಬೇಸಿಗೆ. ಬನಹಟ್ಟಿಯಲ್ಲಿ, ನಾಲ್ಕೂ ಕಡೆ ಪವರ್‌ಲೂಮಿನ ಸದ್ದು ತುಂಬಿದ ಓಣಿಯೊಂದರಲ್ಲಿ, ನೂಲಿನ ಹಳೇ ಗೋದಾಮೇ ಅವರ ತಾಲೀಮಿನ ಜಾಗ. ಮದುವೆ, ಗಣಪತಿ ಹಬ್ಬ, ಕಾಲೇಜಿನ ಗ್ಯಾದರಿಂಗು, ಎಲ್ಲಿ ಕರೆದರೂ ಹೋಗಿ ಸಿನಿಮಾ ಹಾಡು ನುಡಿಸಿ ಬರುವ ಮೇಳ ಅದು. ಒಡೆಯ ಪರಮಾನಂದ ಕೀಬೋರ್ಡು ನುಡಿಸುತ್ತಿದ್ದ. ಅಂಜನಾ ಜಮಖಂಡಿಯಿಂದ ಬಸ್ಸಿನಲ್ಲಿ ಬಂದು, ಅವನೆದುರು ನಿಂತು ಹಾಡಿದಳು. ಎರಡನೇ ಹಾಡು ಮುಗಿಯುವ ಮೊದಲೇ ಅವನು ಕೈ ಎತ್ತಿದ.

“ದನಿ ಭಾಳ ದಪ್ಪ ಐತಿ ತಂಗಿ. ಹೆಣ್ಣಮಕ್ಕಳ ಹಾಡಿಗೆ ಇದು ಕೂಡಂಗಿಲ್ಲ. ಗಂಡಸರ ಹಾಡು ನೀ ಹಾಡಿದಿ ಅಂದ್ರ ಮಂದಿ ನಗ್ತಾರ.”

ಅಲ್ಲಿದ್ದವರು ಆಗಲೇ ನಕ್ಕರು. ಅಂಜನಾಳ ಕಿವಿ ಕೆಂಪಾದವು. ಎದ್ದು ಹೋಗಬೇಕಿತ್ತು, ಹೋಗಲಿಲ್ಲ. ಎದ್ದು ಹೋದರೆ ಅವರು ಇನ್ನೊಮ್ಮೆ ನಗುತ್ತಾರೆ ಅನ್ನುವ ಒಂದೇ ಕಾರಣಕ್ಕೆ, ಗೋಡೆಗೆ ಒರಗಿಸಿದ ನೂಲಿನ ಚೀಲದ ಮೇಲೆ ಹಲ್ಲು ಕಚ್ಚಿ ಕೂತುಬಿಟ್ಟಳು. ಪಕ್ಕದಲ್ಲಿ ಮುತ್ತಣ್ಣ ಎಂಬ ನಡುವಯಸ್ಸಿನ ಮನುಷ್ಯ ಬೇಸ್ ಗಿಟಾರು ಹಿಡಿದು ಕೂತಿದ್ದ. ನಾಲ್ಕೇ ತಂತಿ, ಒಂದೊಂದೂ ಸುತಳಿಯಷ್ಟು ದಪ್ಪ. ಅವನು ಮೇಲಿನ ತಂತಿ ಮೀಟಿದಾಗ ಆ ಸದ್ದು ಕಿವಿಗಿಂತ ಮೊದಲು ಅವಳ ಪಕ್ಕೆಲುಬಿಗೆ ತಾಗಿತು. ತಾಲೀಮು ಮುಗಿದ ಮೇಲೆ, “ಇದಕ್ಕೂ ದನಿ ದಪ್ಪ ಐತಲ್ಲರಿ, ಇದನ್ನ ಯಾಕ ಇಟಗೊಂಡೀರಿ?” ಎಂದು ಕೇಳಿದಳು. ಮುತ್ತಣ್ಣನಿಗೆ ನಗು ಬಂತು, ಆದರೆ ಆ ನಗು ಬೇರೆಯವರ ನಗುವಿನಂತಿರಲಿಲ್ಲ. ಗಿಟಾರನ್ನು ಅವಳ ತೊಡೆಯ ಮೇಲಿಟ್ಟ.

ಮುತ್ತಣ್ಣನೇ ಕಲಿಸಿದ. ಮರುವರ್ಷ ಅವನಿಗೆ ಬೇರೆ ಊರಲ್ಲಿ ಲೈನ್‌ಮನ್ ಕೆಲಸ ಸಿಕ್ಕಿ ಹೊರಡುವಾಗ, ಎಲ್ಲರೆದುರು ಗಿಟಾರನ್ನು ಅಂಜನಾಳ ಕೈಗೆ ಕೊಟ್ಟು, “ಇನ್ನ ಮ್ಯಾಲ ಇದು ನಿಂದ. ಯಾರಿಗೂ ಕೊಡಬ್ಯಾಡ” ಅಂದ. ಪರಮಾನಂದನಿಗೆ ಬೇರೆ ಬೇಸ್ ಬಾರಿಸುವವರು ಯಾರೂ ಸಿಗಲಿಲ್ಲ. ಹಾಗಾಗಿ ಅಂಜನಾ ವೇದಿಕೆಯ ಮೇಲೆ ಬಂದಳು.

ಅಂಜನಾಳ ಸಿಟ್ಟು ತಾಯಿಯಿಂದ ಬಂದದ್ದು. ಅವಳ ಮನೆಯವರು ಬೀಳಗಿ ತಾಲ್ಲೂಕಿನ ಅನಗವಾಡಿಯವರು. ಕುರಿ, ಒಂದಿಷ್ಟು ಹೊಳೆದಂಡೆಯ ಹೊಲ, ಬೀರೇಶ್ವರನ ಗುಡಿಯ ಡೊಳ್ಳಿನ ಪದ. ಆಣೆಕಟ್ಟೆಯ ಹಿನ್ನೀರು ಹೊಲಕ್ಕೆ ಏರಿ ಬಂದ ವರ್ಷ ಅವಳ ಅಪ್ಪ ಹುಲೆಪ್ಪ ಜಮಖಂಡಿಯ ಕೋರ್ಟಿನಲ್ಲಿ ಸಿಪಾಯಿ ಕೆಲಸ ಹಿಡಿದು ಹೆಂಡತಿ ಮಗಳನ್ನು ಅಲ್ಲಿಗೇ ಕರೆತಂದ. ಊರಿನ ಮನೆ ಬಿಟ್ಟುಕೊಡುವ ಕಾಗದಕ್ಕೆ ಅಣ್ಣತಮ್ಮಂದಿರೆಲ್ಲ ಸೇರಿ ಸಹಿ ಹಾಕಿದ್ದರು. ಮದುವೆಯಾಗಿ ಬಂದಾಗಿನಿಂದ ಆ ಮನೆಯ ಗೋಡೆ ಸಾರಿಸಿ, ಕಟ್ಟೆ ಬಳಿದು, ಹಿತ್ತಲಲ್ಲಿ ಬದನೆ ಬೆಳೆದ ತಾಯಿ ಕರೆವ್ವನನ್ನು ಒಬ್ಬರೂ ಒಂದು ಮಾತು ಕೇಳಿರಲಿಲ್ಲ. ಲಾರಿ ಬಂದು ಬಾಗಿಲಲ್ಲಿ ನಿಂತ ಮೇಲೆ ಅವಳಿಗೆ ಗೊತ್ತಾಯಿತು. ಆ ಮಾತು ತೆಗೆದರೆ ಕರೆವ್ವ ಈಗಲೂ ಹಿಟ್ಟು ನಾದುತ್ತಿರುವ ಮುಷ್ಟಿಯನ್ನು ಪರಾತಕ್ಕೆ ಬಡಿಯುತ್ತಾಳೆ.

ಮುತ್ತಣ್ಣ ಬಿಟ್ಟುಹೋದ ಗಿಟಾರಿಗೆ ಒಂದು ರೋಗವಿತ್ತು. ಕತ್ತಿನ ಮೇಲೆ, ಬೆರಳು ಓಡಾಡುವ ಬೀಟೆಯ ಹಲಗೆಗೆ ಅಡ್ಡಡ್ಡ ಲೋಹದ ಪಟ್ಟಿಗಳಿರುತ್ತವೆ. ಅವಕ್ಕೆ ಫ್ರೆಟ್ ಅನ್ನುತ್ತಾರೆ. ಬೆರಳನ್ನು ಎರಡು ಫ್ರೆಟ್ಟಿನ ನಡುವೆ ಎಲ್ಲಿ ಒತ್ತಿದರೂ ಸ್ವರ ತನ್ನ ಜಾಗದಲ್ಲೇ ಬರುತ್ತದೆ. ಆ ಪಟ್ಟಿಗಳು ತುಕ್ಕು ಹಿಡಿದು ತುದಿ ಎದ್ದು, ಅಂಜನಾಳ ಬೆರಳು ಕೊಯ್ಯುತ್ತಿದ್ದವು. ಹೊಸವು ಹಾಕಿಸೋಣವೆಂದು ಅಪ್ಪ ಮಗಳು ಮಿರಜಿಗೆ ಹೋದರು. ಅಲ್ಲಿ ಸಿತಾರು, ತಂಬೂರಿ ರಿಪೇರಿ ಮಾಡುವ ಮುದುಕನೊಬ್ಬ ಹಳೆಯ ಪಟ್ಟಿಗಳನ್ನೆಲ್ಲ ಇಕ್ಕಳದಿಂದ ಕಿತ್ತು, ಹೊಸವನ್ನು ತರಲು ಒಳಗೆ ಹೋದ. ಆ ಹೊತ್ತಿನಲ್ಲಿ ಅಂಜನಾ ಸಡಿಲಿಸಿದ್ದ ತಂತಿಯೊಂದನ್ನು ಬಿಗಿದು, ಬೋಳು ಹಲಗೆಯ ಮೇಲೆ ಬೆರಳಿಟ್ಟು ಮೀಟಿ, ಹಾಗೇ ಮೇಲಕ್ಕೆ ಜಾರಿಸಿದಳು. ಸ್ವರ ಮೆಟ್ಟಿಲು ಹತ್ತಲಿಲ್ಲ. ಹುಲೆಪ್ಪ ಡೊಳ್ಳಿನ ಪದದಲ್ಲಿ ದನಿಯನ್ನು ಎಳೆದು ಏರಿಸುತ್ತಾನಲ್ಲ, ಹಾಗೆ ಏರಿತು. ಅಪ್ಪ ಮಗಳು ಒಬ್ಬರ ಮುಖ ಒಬ್ಬರು ನೋಡಿದರು.

“ಹೊಸಾವು ಬ್ಯಾಡ್ರಿ,” ಅಂಜನಾ ಒಳಗೆ ಕೇಳುವಂತೆ ಕೂಗಿದಳು.

“ಪಟ್ಟಿ ಇಲ್ಲದಿದ್ರ ಬೆರಳು ಎಲ್ಲಿ ಇಡಬೇಕಂತ ಹ್ಯಾಂಗ ಗೊತ್ತಾಗತೈತಿ?” ಅಂದ ಹುಲೆಪ್ಪ.

“ನೀ ಹಾಡೂ ಮುಂದ ಎಲ್ಲಿ ಪಟ್ಟಿ ನೋಡ್ತಿ ಅಪ್ಪಾ?”

ಮುದುಕ ಗೊಣಗುತ್ತಲೇ, ಪಟ್ಟಿ ಕಿತ್ತ ಸಂದುಗಳಿಗೆ ಬಿಳಿ ಮರದ ತೆಳ್ಳನೆಯ ಸೀಳು ಕೂರಿಸಿ ಉಜ್ಜಿ ಸಮ ಮಾಡಿಕೊಟ್ಟ. ಈಗ ಹಲಗೆಯ ಮೇಲೆ ಗೆರೆ ಮಾತ್ರ ಉಳಿದವು, ತಡೆ ಉಳಿಯಲಿಲ್ಲ.

ಬನಹಟ್ಟಿಯ ಗೋದಾಮಿನಲ್ಲಿ ಪರಮಾನಂದ ಹಣೆ ಬಡಿದುಕೊಂಡ. ಮೊದಲ ತಿಂಗಳು ಅವಳ ಸ್ವರ ನೂಲಿನೆಳೆಯಷ್ಟು ಮೇಲೆ, ಇಲ್ಲವೇ ಕೆಳಗೆ ಬೀಳುತ್ತಿತ್ತು. ಆಮೇಲೆ ಕಿವಿ ಬೆರಳನ್ನು ಪಳಗಿಸಿತು. ಮೆಲ್ಲಗಿನ ಹಾಡುಗಳಲ್ಲಿ ಆ ಬೇಸು ಹಾಡುಗಾರನ ಹಿಂದೆ ಇನ್ನೊಬ್ಬ ಗಂಡಸು ಬಾಯಿ ಮುಚ್ಚಿ ಗುನುಗಿದಂತೆ ಕೇಳಿಸತೊಡಗಿತು. ಪರಮಾನಂದ ಸುಮ್ಮನಾದ. ಆದರೆ ಹೊಸದೊಂದು ಕಾಟ ಶುರುವಾಯಿತು. ಆ ತಂತಿ ಉಕ್ಕಿನದು, ಮೇಲೆ ಉಕ್ಕಿನದೇ ಸುರುಳಿ ಸುತ್ತಿದ್ದು. ಮೊದಲು ಪಟ್ಟಿಗೆ ಉಜ್ಜುತ್ತಿದ್ದುದು ಈಗ ನೇರ ಮರಕ್ಕೆ ಉಜ್ಜಿ, ಅರದಿಂದ ತಿಕ್ಕಿದಂತೆ ಮರವನ್ನು ತಿನ್ನತೊಡಗಿತು. ಒಂದು ಮದುವೆಯ ಸೀಸನ್ ಮುಗಿಯುವಷ್ಟರಲ್ಲಿ ಪ್ರತಿ ತಂತಿಯ ಕೆಳಗೂ ಚಕ್ಕಡಿ ಹಾದಿಯಲ್ಲಿ ಗಾಲಿ ಹರಿದ ಹಾಗೆ ಕೊರಕಲು ಬಿದ್ದಿದ್ದವು. ಕೊರಕಲಿಗೆ ಸಿಕ್ಕ ತಂತಿ ನೊಣದ ಹಾಗೆ ಗುಂಯ್ ಅನ್ನುತ್ತಿತ್ತು.

ರಜೆಗೆ ಬಂದ ಮುತ್ತಣ್ಣ ನೋಡಿ, “ಚಪ್ಪಟೆ ಸುರುಳಿ ಸುತ್ತಿದ ನುಣ್ಣನ ತಂತಿ ಬರ್ತಾವು, ಅವನ್ನ ಹಾಕು. ಮರ ಉಳಿತೈತಿ” ಅಂದ. ತರಿಸಿ ಹಾಕಿದಳು. ಎರಡೇ ಕಾರ್ಯಕ್ರಮ, ಬಿಚ್ಚಿ ಎಸೆದಳು.

“ಕಂಬಳಿ ಹೊತಗೊಂಡು ಕೂತು ಮಾತಾಡಿದಂಗ ಕೇಳಸ್ತೈತ್ರಿ. ತಂತಿ ಇದ ಇರಲಿ. ಮರಕ್ಕ ಏನರ ಹಚ್ಚಬೇಕು.”

ಏನು ಹಚ್ಚಬೇಕು ಅನ್ನುವುದನ್ನು ಹೇಳುವವರು ಆ ಸೀಮೆಯಲ್ಲಿ ಯಾರೂ ಇರಲಿಲ್ಲ. ಅಗಸಿ ಎಣ್ಣೆ ಹಚ್ಚಿದಳು. ಮರ ಕಪ್ಪಾಗಿ ಚಂದ ಕಂಡಿತು, ತಂತಿ ಮೊದಲಿಗಿಂತ ಸಲೀಸಾಗಿ ಕೊರೆಯಿತು. ಬಡಗಿಗಳ ಹತ್ತಿರ ಅರಗಿನ ಚೂರು ತಂದು, ಸ್ಪಿರಿಟಿನಲ್ಲಿ ಕರಗಿಸಿ, ಅರಿವೆಯ ಉಂಡೆಯಿಂದ ಪದರದ ಮೇಲೆ ಪದರ ಒರೆಸಿದಳು. ಕನ್ನಡಿಯಂಥ ಹೊಳಪು ಬಂತು. ಮುಧೋಳದ ಒಂದೇ ಕಾರ್ಯಕ್ರಮದಲ್ಲಿ ಆ ಹೊಳಪೆಲ್ಲ ಕಂದು ಪುಡಿಯಾಗಿ ಅವಳ ಸೀರೆಯ ಮೇಲೆ ಉದುರಿತು. ಬಾಗಿಲಿಗೆ ಹೊಡೆಯುವ ವಾರ್ನಿಶ್ ಬಳಿದಳು. ಅದು ವಾರಗಟ್ಟಲೆ ಒಣಗಲೇ ಇಲ್ಲ. ಬೆರಳು ಅಂಟಿ ಅಂಟಿ ಬರುತ್ತಿತ್ತು. ಅವತ್ತು ಮನೆಯ ಹಿತ್ತಲಲ್ಲಿ ಕೂತು, ಗಾಜಿನ ಚೂರಿನಿಂದ ಆ ಜಿಗುಟನ್ನು ಕೆರೆಯುತ್ತ, ಪರಮಾನಂದನನ್ನೂ, ನಕ್ಕವರನ್ನೂ, ಕಾರ್ಯಕ್ರಮದ ನಡುವೆ “ಏ ಬಾಯಾರ, ಅದನ್ನ ಬಿಟ್ಟು ಒಂದ ಹಾಡ ಹೇಳ್ರಿ” ಎಂದು ಕೂಗುವವರನ್ನೂ ಬಾಯಿಗೆ ಬಂದಂತೆ ಬೈದಳು. ಕರೆವ್ವ ತಡೆಯಲಿಲ್ಲ. “ಬೈ. ಹೊಟ್ಯಾಗ ಇಟಗೋಬ್ಯಾಡ” ಅಂದಳು.

ಜಮಖಂಡಿಯ ಹೊರವಲಯದಲ್ಲಿ ಗಿರಿಮಲ್ಲಪ್ಪನೆಂಬವನು ಫೈಬರಿನ ಮೂರ್ತಿ, ಮದುವೆ ಮಂಟಪದ ಕಂಬ ಮಾಡುತ್ತಿದ್ದ. ಅವನ ಶೆಡ್ಡಿನಲ್ಲಿ ಒಂದು ಮೇಜಿನ ಮೇಲೆ ಗಾಜಿನಂಥ ಗಟ್ಟಿ ಹೊದಿಕೆ ಕಂಡು ಅಂಜನಾ ಉಗುರಿನಿಂದ ಕೆರೆದಳು. ಗೀರು ಬೀಳಲಿಲ್ಲ. ಅದು ಎಪಾಕ್ಸಿ: ರೆಸಿನ್ ಎಂಬ ಜೇನಿನಂಥ ದ್ರವಕ್ಕೆ ಹಾರ್ಡ್‌ನರ್ ಎಂಬ ಇನ್ನೊಂದನ್ನು ಕೂಡಿಸಿದರೆ, ತಾನಾಗೇ ಬಿಸಿಯಾಗಿ ಕಲ್ಲಾಗುವ ಲೇಪ. ಗಿರಿಮಲ್ಲಪ್ಪ ಎರಡು ಡಬ್ಬಿಯಲ್ಲಿ ಅಷ್ಟಿಷ್ಟು ಸುರಿದು ಕೊಟ್ಟು, “ಅಂದಾಜಲೆ ಕೂಡಸವಾ, ಏನೂ ಆಗಂಗಿಲ್ಲ” ಅಂದ.

ಅಂದಾಜಿನಿಂದ ಕೂಡಿಸಿದಳು. ಲೋಟದಲ್ಲೇ ಹೊಗೆ ಎದ್ದು, ಬಳಿಯುವ ಮೊದಲೇ ಅರ್ಧ ಗಟ್ಟಿಯಾಯಿತು. ಹಲಗೆಯ ಮೇಲೆ ಬಿದ್ದದ್ದು ಗುಳ್ಳೆಗುಳ್ಳೆಯಾಗಿ ನಿಂತಿತು. ಕೆರೆದಳು. ಎರಡನೇ ಸಲ ಅಳೆದು ಕೂಡಿಸಿದಳು, ಆದರೆ ಅದು ಮಳೆಗಾಲ. ಹಸಿಗಾಳಿಗೆ ಮೇಲ್ಮೈ ಹಾಲಿನ ಕೆನೆಯಂತೆ ಬೆಳ್ಳಗಾಗಿ ಜಿಡ್ಡು ಹಿಡಿಯಿತು. ಮತ್ತೆ ಕೆರೆದಳು. ಕೆರೆದ ಪುಡಿ ತಾಗಿ ಎರಡೂ ಮುಂಗೈ ದದ್ದು ಎದ್ದು ಕೆಂಪಾದವು. ಮಾರ್ಚಿ ತಿಂಗಳ ಒಣ ಬಿಸಿಲು ಬರುವವರೆಗೆ ಕಾದಳು. ಹಲಗೆಯ ಎರಡೂ ಅಂಚಿಗೆ ಟೇಪಿನ ಒಡ್ಡು ಕಟ್ಟಿ, ತೆಳ್ಳಗೆ ಒಂದು ಪದರ ಸುರಿದಳು. ಗುಳ್ಳೆ ಎದ್ದಲ್ಲೆಲ್ಲ ದೊಡ್ಡ ಬಲ್ಬಿನ ಬಿಸಿ ಹಿಡಿದಳು, ಅವು ತಾವಾಗೇ ಒಡೆದು ಕೂತವು. ಅದು ಗಟ್ಟಿಯಾದ ಮೇಲೆ ಇನ್ನೊಂದು ಪದರ, ಅದರ ಮೇಲೆ ಮತ್ತೊಂದು. ಕೊನೆಗೆ ಒರಟು ಸ್ಯಾಂಡ್‌ಪೇಪರಿನಿಂದ ಹಿಡಿದು ರೇಷ್ಮೆಯಂಥ ನುಣ್ಣನೆಯದರವರೆಗೆ ನೀರು ಹಾಕಿ ಹಾಕಿ ಉಜ್ಜಿ, ಕಾರಿಗೆ ಹಚ್ಚುವ ಪಾಲಿಶ್ ತಿಕ್ಕಿದಳು. ತಂತಿ ಏರಿಸಿ ಮೀಟಿದಾಗ ದನಿಗೆ ಹೊಸ ಅಂಚು ಬಂದಿತ್ತು. ಸ್ವರ ಹುಟ್ಟಿದ ಮೇಲೆ ಇನ್ನಷ್ಟು ಬೆಳೆದು, ತುದಿಯಲ್ಲಿ ಮ್ಯಾಂವ್ ಎಂದು ಬಾಯಿ ತೆರೆಯುತ್ತಿತ್ತು. ಒಳಗಿನಿಂದ ಹುಲೆಪ್ಪ ಎದ್ದು ಬಂದು ಹೊಸ್ತಿಲ ಮೇಲೆ ಕೂತ. ತಾಸುಗಟ್ಟಲೆ ಕೂತೇ ಇದ್ದ.

ಆ ಬೇಸಿನ ದನಿಯನ್ನೇ ಮುಧೋಳದ ಗಣಪತಿ ಕಾರ್ಯಕ್ರಮದಲ್ಲಿ ಕೇಳಿ ಹಾಲೇಶ ಅವಳನ್ನು ನೋಡಲು ಬಂದ. ಸಕ್ಕರೆ ಕಾರ್ಖಾನೆಯೊಂದರ ಆಫೀಸಿನಲ್ಲಿ ಗುಮಾಸ್ತ, ತಣ್ಣನೆಯ ಮನುಷ್ಯ. ಅಂಜನಾ ಮದುವೆಯ ಮೊದಲೇ ಗಿಟಾರಿನ ಮಾತು ತೆಗೆದಾಗ, “ಬಾರಸಲಿ. ನಂದೇನ ಅಡ್ಡಿ ಇಲ್ಲ” ಎಂದು ಅವಳ ಅಪ್ಪನಿಗೆ ಹೇಳಿದ. ಎಲ್ಲರಿಗೂ ಸಂತೋಷವಾಯಿತು. ಅವಳಿಗೂ ಆಯಿತು. ‘ನಂದೇನ ಅಡ್ಡಿ ಇಲ್ಲ’ ಅನ್ನುವವನು ಅಡ್ಡ ಬರುವ ಹಕ್ಕು ತನಗಿದೆ ಎಂದೇ ತಿಳಿದಿರುತ್ತಾನೆ ಅನ್ನುವುದು ಅವಳಿಗೆ ಹೊಳೆದದ್ದು ಬಹಳ ತಡವಾಗಿ.

ಮದುವೆಯ ಮೇಲೂ ಗಂಡನ ಊರು ಮುಧೋಳದಿಂದಲೇ ಬನಹಟ್ಟಿಗೆ ಹೋಗಿ ಬರುತ್ತಿದ್ದಳು. ಎರಡು ಸಾವಿರದ ಎಂಟರಲ್ಲಿ ಬಸಿರಾಗಿ ಹೆರಿಗೆಗೆ ಜಮಖಂಡಿಗೆ ಹೊರಟಾಗ, ಗಿಟಾರಿನ ತಂತಿ ಸಡಿಲಿಸಿ, ಹಳೆಯ ಪತ್ತಲದ ಸೀರೆಯಲ್ಲಿ ಸುತ್ತಿ, ಮುಧೋಳದ ಮನೆಯ ಅಟ್ಟದಲ್ಲಿ ಇಟ್ಟಳು. ಹೆಣ್ಣು ಮಗುವಾಯಿತು. ಐದನೇ ತಿಂಗಳಿಗೆ ಮಗುವಿನೊಂದಿಗೆ ಗಂಡನ ಮನೆಗೆ ಮರಳಿದ ದಿನ, ಮಗು ಮಲಗಿದ ಮೇಲೆ ಅಟ್ಟಕ್ಕೆ ಕೈ ಹಾಕಿದಳು. ಪತ್ತಲ ಮಡಿಚಿ ಇಟ್ಟಿತ್ತು. ಗಿಟಾರು ಇರಲಿಲ್ಲ.

“ಪರಮಾನಂದಗ ಕೊಟ್ಟೀನಿ,” ಹಾಲೇಶ ಚಹಾ ಕುಡಿಯುತ್ತ ಹೇಳಿದ. “ಸುಮ್ನ ಬಿದ್ದಿತ್ತಲ್ಲ. ಅವ್ರೂ ಭಾಳ ಕೇಳಾಕತ್ತಿದ್ರು. ಸಾಬಣ್ಣ ಅಂತ ಒಬ್ಬ ಹೊಸಾವ ಬಾರಸ್ತಾನಂತ.”

“ನನ್ನ ಕೇಳಬೇಕಿಲ್ಲೇನ್ರಿ?”

“ಬಾಣಂತಿಗೆ ಏನ ಕೇಳೂದು? ಮತ್ತ ನೀ ಕೂಸಿನ್ನ ಕಟಗೊಂಡು ಎಲ್ಲಿ ಬಾರಸ್ಲಿಕ್ಕೆ ಹೋಗಾಕಿ?”

ಮರುದಿನ ಬೆಳಿಗ್ಗೆ ಅಂಜನಾ ಮಗುವಿಗೆ ಹಾಲು ಕುಡಿಸಿ, ಅತ್ತೆ ತಂಗೆವ್ವನ ಕೈಗೆ ಕೊಟ್ಟು, “ಮಧ್ಯಾಹ್ನದೊಳಗ ಬರ್ತೀನ್ರಿ” ಎಂದಷ್ಟೇ ಹೇಳಿ ಬನಹಟ್ಟಿಯ ಬಸ್ಸು ಹತ್ತಿದಳು.

ಗೋದಾಮಿನಲ್ಲಿ ತೇರದಾಳದ ಕಾರ್ಯಕ್ರಮಕ್ಕೆ ಸಾಮಾನು ಕಟ್ಟುತ್ತಿದ್ದರು. ಸಾಬಣ್ಣನೆಂಬ ಹೊಸಬ, ಮೀಸೆ ನರೆಯತೊಡಗಿದ ಬಡಕಲು ಮನುಷ್ಯ, ಕುರ್ಚಿಯಲ್ಲಿ ಕೂತು ಗಿಟಾರು ಶ್ರುತಿ ಮಾಡುತ್ತಿದ್ದ. ದೂರದಿಂದಲೇ ಅಂಜನಾಳ ಕಣ್ಣಿಗೆ ಬಿದ್ದದ್ದು ಮಿಂಚು. ಗಿಟಾರಿನ ಕತ್ತಿನುದ್ದಕ್ಕೂ ಹೊಚ್ಚ ಹೊಸ ಲೋಹದ ಪಟ್ಟಿಗಳು.

ಹತ್ತಿರ ಹೋಗಿ ಕೂತು ನೋಡಿದಳು. ಅವಳ ಎಪಾಕ್ಸಿಯನ್ನು ಗರಗಸದಿಂದ ಸೀಳಿ, ಬಿಳಿ ಮರದ ಸೀಳುಗಳನ್ನು ಕಿತ್ತು, ಸುತ್ತಿಗೆಯಿಂದ ಪಟ್ಟಿ ಬಡಿದಿದ್ದರು. ಪ್ರತಿ ಪಟ್ಟಿಯ ಎರಡೂ ಬದಿಗೆ ಆ ಗಾಜಿನಂಥ ಹೊದಿಕೆ ಜೇಡರ ಬಲೆಯ ಹಾಗೆ ಬಿರಿದಿತ್ತು. ಎರಡು ಕಡೆ ಚಕ್ಕೆಯೇ ಹಾರಿ, ಬೀಟೆಯ ಮರ ಬಾಯಿಬಿಟ್ಟಿತ್ತು.

“ಯಾರು ಮಾಡಿದ್ದು ಇದನ್ನ?”

ಪರಮಾನಂದ ವೈರು ಸುತ್ತುವುದನ್ನು ನಿಲ್ಲಿಸಲಿಲ್ಲ. “ನಾನ ಮಾಡಿಸೀನಿ. ಸಾಬಣ್ಣಗ ಪಟ್ಟಿ ಇಲ್ಲದ ಹಲಗಿ ಮ್ಯಾಲ ಬಾರಸಾಕ ಬರೂದಿಲ್ಲ. ಈಗ ನೋಡು, ಮದಲಿನಂಗ ಆತು. ಯಾರ ಬೇಕಾದ್ರೂ ಬಾರಸಬಹುದು.”

“ಯಾರ ಬೇಕಾದ್ರೂ ಬಾರಸಾಕ ಇದೇನ ಗುಡಿ ಗಂಟೇನ್ರಿ? ಇದು ನಂದು.”

“ನಿಂದು ಹ್ಯಾಂಗ ಆಗತೈತಿ? ಮುತ್ತಣ್ಣ ಇಲ್ಲೇ ಬಾರಸ್ತಿದ್ದ, ನೀನೂ ಇಲ್ಲೇ ಬಾರಸಿದಿ. ಆರ್ಕೆಸ್ಟ್ರಾದ ಸಾಮಾನ ಇದು. ನಿನ್ನ ಗಂಡನ ತಾನ ತಂದು ಕೊಟ್ಟಾನ.”

“ನನ್ನ ಗಂಡ ನನ್ನ ಬೆರಳ ಕೊಯ್ದು ತಂದು ಕೊಟ್ರೂ ತಗೋತಿದ್ರೇನು?”

ಸಾಬಣ್ಣ ಗಾಬರಿಯಿಂದ ಎದ್ದು, “ನಂಗ ಗೊತ್ತಿರಲಿಲ್ರಿ ಅಕ್ಕಾರ. ಹಳೇ ಮಾಲು ಅಂತ ಹೇಳಿದ್ರು” ಅಂದ. ಅಂಜನಾ ಅವನ ಕೈಯಿಂದ ಗಿಟಾರು ತೆಗೆದುಕೊಂಡಳು. ಪರಮಾನಂದ ಓಡಿ ಬಂದು ಕತ್ತು ಹಿಡಿದ. “ಇವತ್ತ ತೇರದಾಳದಾಗ ಪ್ರೋಗ್ರಾಂ ಐತಿ, ಹುಚ್ಚಿ! ಇದನ್ನ ಒಯ್ದರ ನಮ್ಮ ಮಾನ ಹೊಕ್ಕೈತಿ.” ಅವಳು ಬಿಡಲಿಲ್ಲ. ಆ ಪಟ್ಟಿಗಳ ಉಜ್ಜದ ಚೂಪು ತುದಿ ಅವಳ ಅಂಗೈಗೆ ಒತ್ತಿ ರಕ್ತ ಬಂತು. ಬಿಡಿಸಿದ್ದು ಸಾಬಣ್ಣನೇ. “ಬಿಡ್ರಿ ಅಣ್ಣಾ. ಅವ್ರದು ಅವ್ರು ಒಯ್ತಾರ” ಎಂದು ಒಡೆಯನ ಬೆರಳು ಒಂದೊಂದಾಗಿ ಸಡಿಲಿಸಿದ.

ಬಸ್ಸಿನಲ್ಲಿ ಗಿಟಾರನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತವಳಿಗೆ ಅಳು ಬರಲಿಲ್ಲ. ಎದೆಯಲ್ಲಿ ಹಾಲು ತುಂಬಿ ನೋಯುತ್ತಿತ್ತು, ರವಿಕೆ ಒದ್ದೆಯಾಗಿತ್ತು, ಅಂಗೈ ಉರಿಯುತ್ತಿತ್ತು. ಆ ಎಲ್ಲದರ ಮೇಲೂ ಸಿಟ್ಟು ಬರುತ್ತಿತ್ತು.

ಸಂಜೆ ಹಾಲೇಶ ಆಫೀಸಿನಿಂದ ಬರುವಷ್ಟರಲ್ಲಿ ಪರಮಾನಂದನ ಫೋನು ಅವನಿಗೆ ತಲುಪಿತ್ತು. ಚಪ್ಪಲಿ ಬಿಡುತ್ತಲೇ ಶುರು ಮಾಡಿದ: “ಮಂದ್ಯಾಗ ನನ್ನ ಮಾರಿ ಕೆಡಿಸಿದಿ. ಒಂದ ಕಟ್ಟಿಗಿ ತುಂಡಿನ ಸಂಬಂಧ—”

“ಸುಮ್ಮನಿರು,” ಅಂದಳು ಅಂಜನಾ.

ಮದುವೆಯಾದಾಗಿನಿಂದ ಅವನೊಡನೆ ಆಡುವ ಮಾತಿಗೆಲ್ಲ ಹಚ್ಚುತ್ತಿದ್ದ ‘ರಿ’ ಅವತ್ತು ಅವಳ ಬಾಯಿಂದ ಬರಲಿಲ್ಲ. ಅವಳೇ ಮುಂದುವರಿಸಿದಳು: “ನಾ ಎಷ್ಟ ಸಲ ಕೆರದೀನಿ, ಎಷ್ಟ ಸಲ ಬಳದೀನಿ ನಿನಗ ಗೊತ್ತಿಲ್ಲ. ಗೊತ್ತಿರಬೇಕಂತನೂ ಇಲ್ಲ. ಒಂದ ಮಾತ ಕೇಳಬೇಕಿತ್ತು. ಜಮಖಂಡಿ ಏನ ದೂರ ಇತ್ತೇನ? ಫೋನ್ ಇರಲಿಲ್ಲೇನ? ಕೇಳಲಿಲ್ಲ. ಯಾಕಂದ್ರ ಅದು ನಂದು ಅಂತ ನಿನ್ನ ತಲ್ಯಾಗ ಬರಲೇ ಇಲ್ಲ.”

ಹಾಲೇಶ ತಾಯಿಯ ಕಡೆ ನೋಡಿದ. ಮೊಮ್ಮಗಳನ್ನು ಕಾಲ ಮೇಲೆ ಹಾಕಿಕೊಂಡು ಕೂತಿದ್ದ ತಂಗೆವ್ವ ಮಗನ ಪರವಾಗಿ ಮಾತಾಡುತ್ತಾಳೆಂದು ಅಂಜನಾ ಕೂಡ ಅಂದುಕೊಂಡಿದ್ದಳು.

“ನನ್ನ ಕುಡಗೋಲು ನಿಮ್ಮಪ್ಪ ಮಂದಿಗೆ ಕೊಟ್ಟಿದ್ನಂದ್ರ ನಾ ಮನಿ ಹೊಕ್ಕೊಳ್ಳಾಕ ಬಿಡ್ತಿದ್ದಿಲ್ಲ,” ಅಂದಳು ತಂಗೆವ್ವ. ಮತ್ತೆ ಮಗುವಿನ ಕಡೆ ತಿರುಗಿಕೊಂಡಳು.

ಆದರೂ ಅಂಜನಾ ಆ ಮನೆಯಲ್ಲಿ ನಿಲ್ಲಲಿಲ್ಲ. ಮಗುವನ್ನೂ ಗಿಟಾರನ್ನೂ ಎತ್ತಿಕೊಂಡು ಮರುದಿನ ಜಮಖಂಡಿಗೆ ಬಂದಳು. ಹುಲೆಪ್ಪ ತಲೆಯ ಮೇಲೆ ಕೈ ಹೊತ್ತ. “ಒಂದ ಹಲಗಿ ಸಂಬಂಧ ಗಂಡನ್ನ ಬಿಟ್ಟ ಬಂದೀಯೇನ ಮಗಳಾ?”

“ಹಲಗಿ ಸಂಬಂಧ ಅಲ್ಲ ಅಪ್ಪಾ. ನನ್ನ ಒಂದ ಮಾತ ಕೇಳಲಿಲ್ಲ.”

ರೊಟ್ಟಿ ಬಡಿಯುತ್ತಿದ್ದ ಕರೆವ್ವನ ಕೈ ನಿಂತಿತು. ಗಂಡನನ್ನು ಒಮ್ಮೆ ನೋಡಿದಳು. ಹುಲೆಪ್ಪ ಕಣ್ಣು ಕೆಳಗಿಟ್ಟ. “ಎಷ್ಟ ದಿನ ಬೇಕಾದ್ರೂ ಇರು,” ಎಂದು ಕರೆವ್ವ ಮಗುವಿಗಾಗಿ ಕೈ ಚಾಚಿದಳು. ಆಮೇಲೆ ಆ ಮನೆಯಲ್ಲಿ ಯಾರೂ ಆ ಪ್ರಶ್ನೆ ಕೇಳಲಿಲ್ಲ.

ಮಗುವಿನ ಹತ್ತಿರ ಎಪಾಕ್ಸಿಯ ವಾಸನೆ ಬೇಡವೆಂದು ಗಿರಿಮಲ್ಲಪ್ಪನ ಶೆಡ್ಡಿನಲ್ಲಿ ಒಂದು ಮೂಲೆ ಹಿಡಿದಳು. ಕೆಲಸ ಮೊದಲಿಗಿಂತ ಕಷ್ಟದ್ದಾಗಿತ್ತು. ಇಕ್ಕಳ ಹಾಕಿ ಪಟ್ಟಿ ಎತ್ತಿದರೆ ಅದರ ಜೊತೆ ಎಪಾಕ್ಸಿಯ ಚಕ್ಕೆ ಮೀನಿನ ಹುರುಪೆಯ ಹಾಗೆ ಎದ್ದು, ಮರದ ಎಳೆಯನ್ನೂ ಕಿತ್ತು ತರುತ್ತಿತ್ತು. ಇಸ್ತ್ರಿ ಪೆಟ್ಟಿಗೆಯ ಚೂಪು ಮೂತಿಯಿಂದ ಪಟ್ಟಿಯನ್ನು ಕಾಯಿಸಿ, ಅಂಟು ಮೆತ್ತಗಾದ ಮೇಲೆ ಕೂದಲೆಳೆಯಷ್ಟು ಕೂದಲೆಳೆಯಷ್ಟು ಎತ್ತುವುದನ್ನು ಕಂಡುಕೊಂಡಳು. ಎಲ್ಲ ಪಟ್ಟಿ ಹೋದ ಮೇಲೆ ಉಳಿದ ಹೊದಿಕೆಯನ್ನೂ ಪೂರ್ತಿ ತೆಗೆಯಬೇಕಾಯಿತು. ಬಿರುಕಿನ ಮೇಲೆ ಬಳಿದರೆ ಬಿರುಕು ಒಳಗೇ ಬೆಳೆಯುತ್ತದೆ. ಚಕ್ಕೆ ಹಾರಿದ ಕಡೆ ಬೀಟೆಯ ಪುಡಿಯನ್ನು ಎಪಾಕ್ಸಿಯಲ್ಲೇ ಕಲಸಿ ಮೆತ್ತಿದಳು. ಸಂದಿಗೆ ಹೊಸ ಸೀಳು. ಹಲಗೆಗೆ ಹುಟ್ಟಿನಿಂದ ಇದ್ದ ಸಣ್ಣ ಉಬ್ಬು ತಗ್ಗದ ಹಾಗೆ, ಸ್ಯಾಂಡ್‌ಪೇಪರನ್ನು ಅದೇ ಉಬ್ಬಿಗೆ ಕೊರೆದ ಮರದ ತುಂಡಿಗೆ ಅಂಟಿಸಿಕೊಂಡು ಉಜ್ಜಿದಳು. ಉಜ್ಜುವಾಗ ಸಿಟ್ಟು ಏರಿದರೆ ಕೈ ಒತ್ತುತ್ತಿತ್ತು. ಒತ್ತಿದರೆ ಹಲಗೆ ತಗ್ಗುತ್ತಿತ್ತು. ಹಾಗೆ ಒಮ್ಮೆ ತಗ್ಗಿ, ಮಾಡಿದ್ದೆಲ್ಲ ಮತ್ತೆ ಮಾಡಬೇಕಾಯಿತು. ಆಮೇಲೆ ಸಿಟ್ಟು ಬಂದಾಗ ಕೆಲಸ ಬಿಟ್ಟು ಎದ್ದು ಹೋಗುವುದನ್ನು ಕಲಿತಳು. ಶೆಡ್ಡಿನ ಹಿಂದೆ ಬೇವಿನ ಮರದ ಸುತ್ತ ತಿರುಗಿ ಬರುತ್ತಿದ್ದಳು. ಸಿಟ್ಟು ಇಳಿಯುತ್ತಿರಲಿಲ್ಲ, ಕೈ ಮಾತ್ರ ಹಗುರಾಗುತ್ತಿತ್ತು.

ಹಾಲೇಶ ಒಂದು ಭಾನುವಾರ ಅಲ್ಲಿಗೆ ಬಂದ. ಫೈಬರಿನ ಆನೆಯೊಂದರ ಪಕ್ಕ ನಿಂತು, “ಮಂದಿ ನಗಾಕತ್ತಾರ” ಅಂದ.

“ಹಂಗಾದ್ರ ಮಂದಿ ಕಡೆ ಹೋಗಿ ಹೇಳು.”

ಅವನು ಹೋದ. ಅದಾದ ಮೇಲೆ ತಂಗೆವ್ವ ಒಬ್ಬಳೇ ಬಸ್ಸು ಹತ್ತಿ ಬಂದಳು. ಮೊಮ್ಮಗಳನ್ನು ಎತ್ತಿಕೊಂಡು, ಬೀಗಿತ್ತಿ ಕರೆವ್ವ ಕೊಟ್ಟ ಚಹಾ ಕುಡಿದು, ಸೊಸೆಗೆ ಹೇಳಿದಳು: “ನನ್ನ ಮಗ ಮಬ್ಬ. ಕೆಟ್ಟಂವ ಅಲ್ಲ. ಈಗ ಮನ್ಯಾಗ ಯಾರ ಜೋಡಿನೂ ಮಾತಾಡಂಗಿಲ್ಲ, ಒಂದ ಸಮನ ಗ್ವಾಡಿ ನೋಡಕೋತ ಕುಂದರ್ತಾನ. ನೀ ಬಾ. ಅದನ್ನೂ ತಗೊಂಡ ಬಾ. ಅಟ್ಟದ ಮ್ಯಾಲ ಬ್ಯಾಡ, ನಡುಮನ್ಯಾಗ ಗ್ವಾಡಿಗೆ ದೊಡ್ಡ ಮೊಳಿ ಹೊಡಿಸೀನಿ. ಬಂದವರಿಗೆಲ್ಲ ಕಾಣಲಿ.”

ಕೊನೆಯ ಪದರ ಗಟ್ಟಿಯಾಗಿ, ಪಾಲಿಶ್ ಮುಗಿದ ಮೇಲೆಯೇ ಅಂಜನಾ ಹೊರಟಳು, ಅದಕ್ಕಿಂತ ಒಂದು ದಿನ ಮೊದಲೂ ಅಲ್ಲ. ಕರೆಯಲು ಬಂದ ಹಾಲೇಶ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಚಿಚಖಂಡಿಯ ಸೇತುವೆ ದಾಟಿದ ಮೇಲೆ, ಮುಖ ತಿರುಗಿಸದೆಯೇ, “ಕೇಳಬೇಕಿತ್ತು” ಅಂದ. ಅವಳು ಮಗುವನ್ನು ಅವನ ತೊಡೆಗೆ ಕೊಟ್ಟು, ಗಿಟಾರನ್ನು ತನ್ನ ಹತ್ತಿರವೇ ಇಟ್ಟುಕೊಂಡಳು. ‘ರಿ’ ಮತ್ತೆ ಬಂತು, ಆದರೆ ಪ್ರತಿ ಮಾತಿಗೂ ಅಲ್ಲ.

ಪರಮಾನಂದನ ಮೇಳಕ್ಕೆ ಅವಳು ಹಿಂತಿರುಗಲಿಲ್ಲ. ಮಹಾಲಿಂಗಪುರದವರೊಬ್ಬರು ಹೊಸ ತಂಡ ಕಟ್ಟಿದ್ದರು, ಅಲ್ಲಿಗೆ ಸೇರಿಕೊಂಡಳು. ವಾರದಲ್ಲಿ ಎರಡು ದಿನ ತಾಲೀಮು. ಆ ದಿನ ಮಗುವಿಗೆ ಊಟ ಮಾಡಿಸುವುದು ಹಾಲೇಶನ ಕೆಲಸವಾಯಿತು. ಅವನಾಗೇ ಹಿಡಿದದ್ದಲ್ಲ, ತಂಗೆವ್ವ ಹಿಡಿಸಿದ್ದು. ಮುಧೋಳದ ಒಂದು ಕಾರ್ಯಕ್ರಮ ಮುಗಿದು ವೈರು ಸುತ್ತುವಾಗ ಸಾಬಣ್ಣ ವೇದಿಕೆಯ ಕೆಳಗೆ ಬಂದು ನಿಂತ. ಅವನೂ ಪರಮಾನಂದನನ್ನು ಬಿಟ್ಟಿದ್ದ. “ಒಂದ ಸಲ ಮುಟ್ಟಿ ನೋಡ್ಲೇನ್ರಿ ಅಕ್ಕಾರ?” ಎಂದು ಕೇಳಿದ. ಕೇಳಿದ್ದಕ್ಕೇ ಅಂಜನಾ ಕೊಟ್ಟಳು. ಅವನ ಸ್ವರ ಎಲ್ಲೆಲ್ಲೋ ಬಿದ್ದವು. ತಾನೇ ನಕ್ಕ. “ಇದು ಕಣ್ಣಿಲೆ ಬಾರಸೂದಲ್ಲ” ಎಂದು ಅವಳೂ ಒಂದಿಷ್ಟು ನಕ್ಕಳು. ಮುಂದೆ ಅವನು ಆಗೀಗ ಮನೆಗೆ ಬಂದು ಕಲಿತುಹೋಗುತ್ತಿದ್ದ.

ಎಪಾಕ್ಸಿಯೂ ಸವೆಯುತ್ತದೆ. ಎರಡು ಮೂರು ಬೇಸಿಗೆಗೊಮ್ಮೆ ತೆಳ್ಳನೆಯ ತಂತಿಯ ಕೆಳಗೆ ಮಸುಕು ಗೆರೆ ಮೂಡಿದಾಗ ಅಂಜನಾ ಮಾಳಿಗೆ ಹತ್ತಿ, ಉಜ್ಜಿ, ಮತ್ತೊಂದು ಪದರ ಸುರಿಯುತ್ತಾಳೆ. ಅದು ಗಟ್ಟಿಯಾಗುವವರೆಗೆ ಮನೆಯವರು ಯಾರೂ ಮೆಟ್ಟಿಲು ಹತ್ತುವುದಿಲ್ಲ. ಧೂಳು ಏಳುತ್ತದೆ ಎಂದು ಹಾಲೇಶನೇ ಬಂದವರನ್ನು ತಡೆಯುತ್ತಾನೆ.

ಎರಡು ಸಾವಿರದ ಹನ್ನೆರಡರಲ್ಲಿ ಜಮಖಂಡಿಯ ಬಸ್‌ಸ್ಟ್ಯಾಂಡಿನಲ್ಲಿ ಪರಮಾನಂದ ಎದುರಾದ. ಮೇಳ ಮುರಿದಿತ್ತು, ಮನುಷ್ಯ ಇಳಿದುಹೋಗಿದ್ದ. ಅವಳನ್ನು ಕಂಡು ಹಲ್ಲು ಕಿರಿದು, “ಅಂಜನಾ, ಆಗಿದ್ದ ಆಗಿ ಹೋತು. ಇನ್ನೂ ಸಿಟ್ಟೈತೇನ?” ಎಂದು ಕೇಳಿದ.

“ಐತಿ,” ಎಂದು ಹೇಳಿ ಅವಳು ಮುಧೋಳದ ಬಸ್ಸು ಹತ್ತಿದಳು.